ಗಣನೆಯೆಂಬ ಗೌರವ

ಕನ್ನಡದಲ್ಲಿ 'ಗಣನೆ' ಎಂಬ ಪದಕ್ಕೆ ಎಣಿಕೆ ಎಂಬುದೊಂದು ಅರ್ಥ, ಆದರ ಎಂಬುದಿನ್ನೊಂದು. 'ನಮ್ಮನ್ನು ಯಾರೂ ಗಣನೆಗೆ ತೆಗೆದುಕೊಳ್ಳಲಿಲ್ಲ' ಎನ್ನುವವರ ನೋವು ಲೆಕ್ಕ ತಪ್ಪಿದ್ದರ ನೋವಲ್ಲ, ಮರೆತುಹೋದದ್ದರ ನೋವು. ಶಿವನ ಪರಿವಾರವನ್ನು ಗಣವೆಂದೇ ಕರೆಯುವ ನಮಗೆ ಈ ಸೂಕ್ಷ್ಮ ಹೊಸದಲ್ಲ. ಅರವತ್ತುಮೂವರು ಪುರಾತನರು, ಏಳುನೂರ ಎಪ್ಪತ್ತು ಅಮರಗಣಂಗಳು ಎಂದು ಪರಂಪರೆ ಎಣಿಸಿಯೇ ಸ್ಮರಿಸುತ್ತದೆ. ಕಟ್ಟಿಗೆ ಹೊತ್ತ ಮೋಳಿಗೆಯ ಮಾರಯ್ಯನವರಿಗೂ ದೋಣಿ ನಡೆಸಿದ ಅಂಬಿಗರ ಚೌಡಯ್ಯನವರಿಗೂ ಕಸಗುಡಿಸಿದ ಸತ್ಯಕ್ಕನವರಿಗೂ ಶರಣರ ನಡುವೆ ಒಂದೇ ಪಂಕ್ತಿ.

ಈ ಭಾವ ನಮ್ಮಲ್ಲಿ ಮಾತ್ರ ಇರುವುದಲ್ಲ. ಯೆಹೂದ್ಯರ ತೋರಾದ ನಾಲ್ಕನೆಯ ಪುಸ್ತಕ ತೆರೆಯುವುದೇ ಜನಗಣತಿಯಿಂದ. ಇಪ್ಪತ್ತು ವರ್ಷ ಮೇಲ್ಪಟ್ಟ, ಯುದ್ಧಕ್ಕೆ ತಕ್ಕ ಗಂಡಸರು ೬,೦೩,೫೫೦ ಮಂದಿ ಎಂದು ಅಲ್ಲಿದೆ. ದೇವರಿಗೆ ಇವರು ಪ್ರಿಯರು, ಆದಕಾರಣವೇ ಮತ್ತೆ ಮತ್ತೆ ಎಣಿಸುತ್ತಾನೆ ಎಂದು ಹನ್ನೊಂದನೆಯ ಶತಮಾನದ ಫ್ರಾನ್ಸಿನ ವ್ಯಾಖ್ಯಾನಕಾರ ರಾಶಿ ಎಂಬ ಪಂಡಿತರು ಅರ್ಥ ಹೇಳಿದರು. ಎಣಿಕೆಗೆಂದು ಪ್ರತಿಯೊಬ್ಬನೂ ಅರ್ಧ ಶೆಕೆಲ್ ಕಾಣಿಕೆ ನೀಡಬೇಕಿತ್ತು. ಸಿರಿವಂತನು ಹೆಚ್ಚು ಕೊಡುವಂತಿಲ್ಲ, ಬಡವನು ಕಡಿಮೆ ಕೊಡುವಂತಿಲ್ಲ. ದಾವೀದರಸನು ತನ್ನ ಬಲವನ್ನು ಅಳೆಯಲು ಜನರನ್ನು ಎಣಿಸಿದಾಗಲಾದರೋ ನಾಡಿಗೆ ಮಾರಿ ಬಡಿಯಿತೆಂಬ ಕಥೆಯೂ ಅವರಲ್ಲಿದೆ. ಎಣಿಕೆ ಒಂದೇ, ಎಣಿಸುವ ಮನಸ್ಸು ಬೇರೆ. ದಾಸೋಹದ ಮನೆಯಲ್ಲಿ ನಾವು ಬಾಲ್ಯದಲ್ಲೇ ಕಲಿತ ಪಾಠವೂ ಇದೇ: ಉಣ್ಣುವವರನ್ನು ಎಣಿಸಬೇಕು, ಅವರ ತುತ್ತನ್ನು ಎಣಿಸಬಾರದು.

ನಾವಿರುವ ಮಲ್ಲತ್ತಹಳ್ಳಿ ಕೆರೆಯಂಚಿನ ಹಳ್ಳಿಯಾಗಿದ್ದು, ಈಗ ಬೆಂಗಳೂರಿನ ಬಡಾವಣೆಗಳ ನಡುವೆ ಸೇರಿಹೋಗಿದೆ. ೨೦೨೫ರಲ್ಲಿ ರಾಜ್ಯದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯವರು ಬಂದಾಗ, ಕಟ್ಟುತ್ತಿದ್ದ ಮನೆಯೊಂದರ ತಗಡಿನ ಶೆಡ್ಡನ್ನು ತೋರಿಸಿ ನೆರೆಯ ಹಿರಿಯರೊಬ್ಬರು, "ಅಲ್ಲಿ ಯಾರೂ ಇಲ್ಲ, ವಾಚ್‌ಮನ್ ಇದ್ದಾನೆ ಅಷ್ಟೆ" ಎಂದರು. ಅಲ್ಲಿ ಗಂಡ, ಹೆಂಡತಿ, ಇಬ್ಬರು ಮಕ್ಕಳು ಇದ್ದರು. ನಿತ್ಯವೂ ಇಷ್ಟಲಿಂಗ ಪೂಜೆ ತಪ್ಪಿಸದ ಆ ಹಿರಿಯರಲ್ಲಿ ದ್ವೇಷವೇನೂ ಇರಲಿಲ್ಲ. ದಿನವೂ ಕಣ್ಣಿಗೆ ಬೀಳುತ್ತಿದ್ದ ನಾಲ್ಕು ಜೀವಗಳು ಗಣನೆಗೆ ಬಂದಿರಲಿಲ್ಲ, ಅಷ್ಟೆ. ನಾವು ಗಣತಿಯವರನ್ನು ಶೆಡ್ಡಿನ ಬಾಗಿಲಿಗೆ ಕರೆದೊಯ್ದೆವು. ಹಿರಿಯರೂ ಮೌನವಾಗಿ ಜೊತೆಗೆ ಬಂದರು.

೨೦೧೧ರ ತರುವಾಯ ನಡೆಯದ ದೇಶದ ಜನಗಣತಿ ೨೦೨೭ಕ್ಕೆ ನಿಗದಿಯಾಗಿದೆ. ನಮ್ಮ ಸಮಾಜದ ಸಂಖ್ಯೆ ಎಷ್ಟೆಂಬ ಚರ್ಚೆಯೂ ಕಾವೇರಿದೆ. ಆ ಲೆಕ್ಕ ಬೇಡವೆಂದು ನಾವು ಹೇಳೆವು. ಆದರೆ ಗಣತಿಯವರು ಬಾಗಿಲಿಗೆ ಬಂದಾಗ ಮೂಲೆಯ ಕೋಣೆಯ ವೃದ್ಧೆಯನ್ನೂ, ಮನೆಯಲ್ಲೇ ಉಳಿದು ದುಡಿಯುವ ಹುಡುಗಿಯನ್ನೂ, ಎದುರಿನ ಶೆಡ್ಡಿನ ಕೂಸನ್ನೂ ಮೊದಲು ನೆನೆಯೋಣ. ಅವರೂ ಶಿವನ ಗಣವೇ.