ಮಲ್ಪೆಯ ದಕ್ಕೆಯಲ್ಲಿ ಅರ್ಧ ಗಂಟೆ

ರಜೆಯಲ್ಲಿ ಊರಿಗೆ ಹೋದಾಗ ಉಡುಪಿಯಿಂದ ಮಲ್ಪೆಗೆ ಬಂದು ಸೇಂಟ್ ಮೇರೀಸ್ ದ್ವೀಪ ನೋಡಿಕೊಂಡು ಮರಳುತ್ತೀರಿ. ಈ ಸಲ ಬಂದರಿನ ದಕ್ಕೆಯಲ್ಲೂ ಅರ್ಧ ಗಂಟೆ ನಿಲ್ಲಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟುಗಳ ರಿಪೇರಿಗೆ ಅದೇ ಸುಗ್ಗಿ.

ಸಣ್ಣ ಬೋಟಿನ ವಿದ್ಯುತ್ತೆಲ್ಲ ಸಾಮಾನ್ಯವಾಗಿ 12 ವೋಲ್ಟ್ ಬ್ಯಾಟರಿಯದು. ಎಂಜಿನ್ ಚಾಲೂ ಆಗಬೇಕು, ತಳದಲ್ಲಿ ನಿಂತ ನೀರನ್ನು ಪಂಪು ಎತ್ತಬೇಕು, ವೈರ್‌ಲೆಸ್ ಮಾತಾಡಬೇಕು, ರಾತ್ರಿ ದೀಪ ಉರಿಯಬೇಕು. ಎಡಕ್ಕೆ ಕೆಂಪು, ಬಲಕ್ಕೆ ಹಸಿರು: ಬೋಟು ಯಾವ ಕಡೆಗೆ ಹೊರಟಿದೆಯೆಂದು ಎದುರಿನವನು ತಿಳಿಯುವುದು ಇದರಿಂದಲೇ. ನಿಮ್ಮ ಮುಂಬಯಿಯ ಭಾವುಚಾ ಧಕ್ಕಾದಲ್ಲೂ ಇದೇ ನಿಯಮ.

ಉಪ್ಪುಗಾಳಿ ಈ ವ್ಯವಸ್ಥೆಯ ಶತ್ರು. ಟರ್ಮಿನಲ್ ಮೇಲೆ ಬಿಳಿ, ಹಸಿರು ಪುಡಿ ಕಟ್ಟಿದರೆ ಕರೆಂಟು ಸರಿಯಾಗಿ ಹರಿಯದು. ಅದನ್ನು ಉಜ್ಜಿ, ಒಣಗಿಸಿ, ಬಿಗಿದು, ಗ್ರೀಸ್ ಸವರುತ್ತಾರೆ. ಪೂರ್ತಿ ಚಾರ್ಜ್ ಆದ ಸೀಸದ ಬ್ಯಾಟರಿ, ಕೆಲಸವಿಲ್ಲದೆ ನಿಂತಿರುವಾಗ, ಮೀಟರಿನಲ್ಲಿ ಸುಮಾರು 12.6 ತೋರಿಸುತ್ತದೆ, 12ಕ್ಕೆ ಇಳಿದರೆ ಅದನ್ನು ನಂಬಿ ಕಡಲಿಗಿಳಿಯುವಂತಿಲ್ಲ. ಫ್ಯೂಸು ಪದೇ ಪದೇ ಹೋದರೆ ದಪ್ಪ ತಂತಿ ಕಟ್ಟಬಾರದು, ಶಾರ್ಟ್ ಎಲ್ಲಿದೆಯೆಂದು ಹುಡುಕಬೇಕು. ನಡುಗಡಲಲ್ಲಿ ಬೋಟಿಗೆ ಬೆಂಕಿ ಹತ್ತಿದರೆ ಓಡುವುದೆಲ್ಲಿಗೆ?

ದಾರಿಯಲ್ಲಿ ಕೆಟ್ಟ ಕಾರನ್ನು ನಾಲ್ಕು ಜನ ತಳ್ಳಿಯಾರು, ಕಡಲಲ್ಲಿ ತಳ್ಳುವವರಿಲ್ಲ. ಆದ್ದರಿಂದ ತಾಂಡೇಲರನ್ನು ಕೇಳಿ ನೋಡಿ: "ಅಣ್ಣಾ, ಎರಡನೇ ಬ್ಯಾಟರಿ ಉಂಟಾ?" ಒಂದನ್ನು ಎಂಜಿನ್ನಿಗೆಂದೇ ಮೀಸಲಿಟ್ಟವರು, ದೀಪದ ಬ್ಯಾಟರಿ ಬರಿದಾದರೂ ಎಂಜಿನ್ ಚಾಲೂ ಮಾಡಿ ದಡ ಸೇರುತ್ತಾರೆ.