ಅತ್ತಿಯವರ ಗಾಂಧಿ ಇಪ್ಪತ್ತು ಪೈಸೆ

ಹೋದ ಸಲ ಗುರೆಳ್ಳ ಚಟ್ನಿ ಬಗ್ಗೆ ಬರದಿದ್ದೆ. ಈ ಸಲದ್ದು ಚಟ್ನಿಯಷ್ಟು ಹಗುರ ಇಲ್ಲ. ನಾ ಮೋಸ ಹೋದ ಕತಿ ಇದು. ನಮ್ಮ ಓಣ್ಯಾಗ ಅರ್ಧ ಮಂದಿಗೆ ಗೊತ್ತೈತಿ, ಉಳದ ಅರ್ಧ ಮಂದಿಗೆ ತಪ್ಪು ಗೊತ್ತೈತಿ. ಅದಕ್ಕ ನಾನ ಹೇಳಿಬಿಡತೇನಿ.

ನಮ್ಮ ಅತ್ತಿಯವರದೊಂದು ಸಣ್ಣ ಹಿತ್ತಾಳಿ ಡಬ್ಬಿ ಐತಿ. ಅದರಾಗ ಹನ್ನೊಂದು ನಾಣ್ಯ, ಎಲ್ಲಾ ಇಪ್ಪತ್ತು ಪೈಸೆದ್ದು. ಒಂಬತ್ತರ ಮ್ಯಾಲ ಕಮಲದ ಹೂ, ಎರಡರ ಮ್ಯಾಲ ಗಾಂಧೀಜಿ ಮುಖ. ನಿಮ್ಮ ಮನ್ಯಾಗೂ ಇರತಾವ ನೋಡ್ರಿ, ಹಳದಿ ಬಣ್ಣದಾಗ ಬಂಗಾರದಂಗ ಹೊಳಿತಾವ. ಕಮಲದ್ದು 1968ರಾಗ ಬಂತು. ಗಾಂಧೀಜಿದು ಅವರು ಹುಟ್ಟಿ ನೂರು ವರ್ಷ ಆತು ಅಂತ 1969ರಾಗ ಸರಕಾರ ಹೊರಗ ತಂದದ್ದು. ತಾಮ್ರಕ್ಕ ಅಲ್ಯೂಮಿನಿಯಂ ಕೂಡಿಸಿದ ಒಂದು ನಮೂನಿ ಕಂಚು ಅದು. ಅದ ನೆಪ್ಪಿಗೆ ಹತ್ತು ರೂಪಾಯಿದೊಂದು ಬೆಳ್ಳಿ ನಾಣ್ಯನೂ ಬಂದಿತ್ತು. ಬೆಳ್ಳೀದು ಇದ್ದವರ ಮನಿಗೆ ಹೋತು, ಕಂಚಿಂದು ನಮ್ಮಂಥವರ ಮನಿಗೆ ಬಂತು.

ಅತ್ತಿಯವರು ಹೊಸದಾಗಿ ಮದಿವ್ಯಾಗಿ ಬಂದಾಗ ಹೊಳಿಆಲೂರಿಗೆ ನಡಕೋತ ಹೋಗಿ ಬೆಣ್ಣಿ ಮಾರತಿದ್ರಂತ. ಬಂದ ರೊಕ್ಕ ಎಲ್ಲಾ ಮಾವನವರ ಕೈಯಾಗ. ಚಿಲ್ಲರಿಯೊಳಗ ಈ ಹಳದಿ ನಾಣ್ಯ ಬಂದ್ರ ಮಾತ್ರ "ಇದು ಲಕ್ಷ್ಮಿ, ಇದನ್ನ ಕೊಡಾಂಗಿಲ್ಲ" ಅಂತ ಸೆರಗಿನ ಗಂಟಿಗೆ ಕಟ್ಟಿಕೊಳ್ಳತಿದ್ರು. ಹಂಗ ಉಳದದ್ದು ಹನ್ನೊಂದು. ವರ್ಷಾ ದೀಪಾವಳಿ ಅಮಾಸಿಗೆ ಹುಣಸಿಹಣ್ಣು ಹಚ್ಚಿ ತಿಕ್ಕಿ, ಹಾಲಾಗ ತೊಳದು, ಲಕ್ಷ್ಮೀ ಮುಂದ ಇಡತಿದ್ರು. 2019ರ ಆಗಸ್ಟದಾಗ ಮಲಪ್ರಭಾ, ಬೆಣ್ಣಿಹಳ್ಳ ಎರಡೂ ಏರಿ ಬಂದಾಗ ನಾವು ಕಾಗದಪತ್ರ, ಜೋಳದ ಚೀಲ ಅಂತ ಒದ್ದಾಡತಿದ್ರ, ಅವರು ಈ ಡಬ್ಬಿ ಒಂದನ್ನ ಸೊಂಟಕ್ಕ ಸಿಗಿಸಿಕೊಂಡು ಗಂಜಿ ಕೇಂದ್ರಕ್ಕ ಬಂದಿದ್ರು. ಮರುವರ್ಷ ತೀರಿಕೊಂಡ್ರು. ಡಬ್ಬಿ ನನ್ನ ಕೈಗೆ ಬಂತು.

ಎರಡು ವರ್ಷದ ಹಿಂದ ಮೊಬೈಲಿನಾಗ ಒಂದು ವಿಡಿಯೋ ಬಂತು. "ಗಾಂಧಿ ಇಪ್ಪತ್ತು ಪೈಸೆ ಐತೇನು? 1869 ಅಂತ ಬರದೈತೇನು? ನೂರೈವತ್ತು ವರ್ಷದ ನಾಣ್ಯ, ಎರಡು ಲಕ್ಷ ಸಿಗತೈತಿ" ಅಂತ. ಓಡಿ ಹೋಗಿ ಡಬ್ಬಿ ತಗದು ನೋಡಿದೆ. ಖರೇನ, ಮುಖದ ಕೆಳಗ 1869–1948 ಅಂತ ಇತ್ತು. ನನ್ನ ಎದಿ ಢವಢವ ಅಂತು. ಮಗಳ ಕಾಲೇಜಿನ ಫೀ ಕಟ್ಟೂದಿತ್ತು, ಹೊಳಿ ನೀರಿಗೆ ಬಿರುಕು ಬಿಟ್ಟ ಪಡಸಾಲಿ ಗ್ವಾಡಿ ಕಟ್ಟಿಸೂದಿತ್ತು. ಫೋಟೋ ತಗದು ಕಳಿಸಿದೆ.

ಹತ್ತು ನಿಮಿಷದಾಗ ಫೋನ್ ಬಂತು. ಎಷ್ಟು ಛಲೋ ಮಾತು ಅಂತೀರಿ! "ಅಮ್ಮಾ" ಅನ್ನದ ಮಾತ ಆಡಲಿಲ್ಲ ಆ ಹುಡುಗ. ರಿಸರ್ವ್ ಬ್ಯಾಂಕಿನ ಮುದ್ರಿ ಇದ್ದ ಕಾಗದ ಕಳಿಸಿದ. ನೋಂದಣಿಗೆ 850 ರೂಪಾಯಿ ಅಂದ, ಹಾಕಿದೆ. ಮೂರು ದಿನ ಬಿಟ್ಟು "ನಿಮ್ಮ ಎರಡು ಲಕ್ಷ ತಯಾರೈತಿ, ಟ್ಯಾಕ್ಸ್ 2,750 ಕಟ್ಟಿಬಿಡ್ರಿ" ಅಂದ. ನನ್ನ ಕಡೆ ಅಷ್ಟು ರೊಕ್ಕ ಇರಲಿಲ್ಲ.

ಇಲ್ಲಿಂದ ಬರಿಯಾಕ ಕೈ ಹಿಂಜರಿತೈತಿ. ನಮ್ಮ ಸಂಘದ ಹದಿನಾಲ್ಕು ಮಂದಿ ಉಳಿತಾಯದ ರೊಕ್ಕ ಬ್ಯಾಂಕಿಗೆ ಕಟ್ಟೂ ತನಕ ನನ್ನ ಟ್ರಂಕಿನಾಗ ಇರತಿತ್ತು. ತಲಿಗೆ 200ರಂಗ 2,800. "ನಾಳೆ ಲಕ್ಷ ಬರತೈತಿ, ನಾಡಿದ್ದು ಇಟ್ಟರಾತು" ಅಂತ ಅದರಾಗಿಂದ ಎಣಿಸಿ ತಗದೆ. ಓಣಿ ಅಂಗಡಿ ಹುಡುಗನ ಕೈಯಾಗ ಕೊಟ್ಟು ಅವನ ಮೊಬೈಲಿನಿಂದ ಹಾಕಿಸಿದೆ. ಮರುದಿನ ಮತ್ತ ಫೋನ್: ಈಗ 12,500 ಬೇಕು!

ಆವಾಗ ಮಗಳಿಗೆ ಹೇಳಿದೆ. ಆಕಿ ಬೈಲಿಲ್ಲ. "ಯವ್ವಾ, ಗಾಂಧೀಜಿ ಹುಟ್ಟಿದ್ದು ಯಾವಾಗ?" ಅಂತ ಅಷ್ಟ ಕೇಳಿದ್ಲು. ನಾನು ಬಾಯಿ ಮುಚ್ಚಿಕೊಂಡು ನಿಂತೆ. ಪಿಯುಸಿ ಓದಿದಾಕಿ ನಾ. 1869 ಅವರು ಹುಟ್ಟಿದ ವರ್ಷ, 1948 ಹೋದ ವರ್ಷ. ನಾಣ್ಯ ಯಾವ ವರ್ಷ ಮಾಡಿದ್ದು ಅನ್ನೂದು ಅದರ ಮ್ಯಾಲ ಬರದ ಇಲ್ಲ. 1869ರಾಗ ಈ ದೇಶದಾಗ ಅಶೋಕ ಸ್ತಂಭದ ನಾಣ್ಯ ಎಲ್ಲಿಂದ ಬರಬೇಕು? ಹಿಂದ ತಿರುವಿ ನೋಡಿದ್ರ ಸಿಂಹ ಇದ್ವು. ಆಸೆ ಇದ್ದಾಗ ಮನಿಷ್ಯಾ ನಾಣ್ಯ ತಿರುವಿ ನೋಡಾಂಗಿಲ್ಲ.

ಮಗಳು 1930ಕ್ಕ ಫೋನ್ ಹಚ್ಚಿ ದೂರು ಬರಸಿದ್ಲು. ನಾನ ತಡಾ ಮಾಡಿದ್ದೆ, ರೊಕ್ಕ ಅಷ್ಟೊತ್ತಿಗೆ ಎಲ್ಲೆಲ್ಲೋ ದಾಟಿ ಹೋಗಿತ್ತು. ಆಕೀನ ಇನ್ನೊಂದು ತೋರಿಸಿದ್ಲು: ಹಳೇ ನಾಣ್ಯ ಕೊಳ್ಳೂದು, ಮಾರೂದು ನಾವು ಮಾಡಾಂಗಿಲ್ಲ, ಅದಕ್ಕಂತ ಯಾರ ಕಡೆಯಿಂದನೂ ಫೀ ತಗೊಳ್ಳಾಂಗಿಲ್ಲ ಅಂತ ರಿಸರ್ವ್ ಬ್ಯಾಂಕ್ 2021ರ ಆಗಸ್ಟದಾಗ ಎಲ್ಲಾರಿಗೂ ತಿಳಿಸಿತ್ತು. ನನ್ನಂಥವರು ಎಷ್ಟು ಮಂದಿ ಇದ್ದಿರಬೇಕು ನೋಡ್ರಿ.

ಆದ್ರೂ ಮನಸ್ಸು ತಡೀಲಿಲ್ಲ. ಹುಬ್ಬಳ್ಳಿಗೆ ಹೋದಾಗ ಹಳೇ ನಾಣ್ಯದ ಅಂಗಡಿಯವರಿಗೆ ಡಬ್ಬಿ ತೋರಿಸಿದೆ. ಅವರು ಭೂತಗಾಜು ಹಿಡದು ನೋಡಿ ನಕ್ಕರು. "ಅಮ್ಮಾರ, ಈ ಗಾಂಧಿ ನನ್ನ ಹಂತ್ಯಾಕ ಡಬ್ಬಿಗಟ್ಟಲೆ ಅದಾನ. ಹತ್ತಿಪ್ಪತ್ತು ರೂಪಾಯಿಗೆ ಒಂದು, ನಿಮಗೆಷ್ಟು ಬೇಕು ಒಯ್ಯಿರಿ" ಅಂದ್ರು. ಆಮ್ಯಾಲ ಕಪಾಟಿನಿಂದ ಅಂಗೈ ತುಂಬೂವಂಥಾ ಒಂದು ಕಂಚಿನ ಪದಕ ತಗದು ತೋರಿಸಿದ್ರು. ಅದರ ಮ್ಯಾಲ ಉದ್ದ ಮೂಗಿನ ಒಬ್ಬ ಮನಿಷ್ಯಾ. ಫ್ರಾನ್ಸ್ ದೇಶದ ಡಿ ಗಾಲ್ ಅಂತ, ಎರಡನೇ ಮಹಾಯುದ್ಧದಾಗ ಹಿಟ್ಲರನ ವಿರುದ್ಧ ನಿಂತಾವ್ರು, ಮುಂದ ಅಧ್ಯಕ್ಷ ಆದವ್ರು. "ಇದು ರೊಕ್ಕ ಅಲ್ರೀ, ಮರ್ಯಾದಿಗೆ ಮಾಡಿದ್ದು. ಇಂಥಾವು ಸಂಗ್ರಹ ಮಾಡವ್ರಿಗೆಂತ ಇರತಾವ. ನಿಮ್ಮ ಗಾಂಧಿ ಹಂಗಲ್ಲ, ಸಂತ್ಯಾಗ ಓಡಾಡಲಿ ಅಂತ ಕೋಟಿಗಟ್ಟಲೆ ಮಾಡಿದ್ದು. ಎಷ್ಟು ಕಮ್ಮಿ ಅದಾವ, ಎಷ್ಟು ಹೊಸಾದಂಗ ಅದಾವ, ಅದರ ಮ್ಯಾಲ ಕಿಮ್ಮತ್ತು. ಮತ್ತ ನೀವು ತಿಕ್ಕಿ ತಿಕ್ಕಿ ಗಾಂಧಿ ಕಿವೀನ ಸವಿಸೀರಿ!" ಅಂದ್ರು. 2011ರ ಜೂನ್ 30ರಿಂದ ನಾಕಾಣೆ, ಅದಕ್ಕಿಂತ ಸಣ್ಣ ನಾಣ್ಯ ಎಲ್ಲಾ ಬಂದ್ ಆಗ್ಯಾವಲ್ರಿ, ಅಂಗಡ್ಯಾಗ ಒಂದು ಚಾಕ್ಲೇಟ್ ಸೈತ ಬರಾಂಗಿಲ್ಲ ಅದಕ್ಕ.

ಸಂಘದ ರೊಕ್ಕದ ಮಾತು ಉಳಿತು. ಯಜಮಾನರಿಗೆ ಹೇಳಿದ್ರ ಅವರು ಸುಮ್ಮನ ಕೊಡತಿದ್ರು, ಯಾರಿಗೂ ಗೊತ್ತಾಗತಿರಲಿಲ್ಲ. ಆದ್ರ ಅಂಗಡಿ ಹುಡುಗನ ಬಾಯಿಂದ ಓಣ್ಯಾಗ ಗುಸುಗುಸು ಎದ್ದಿತ್ತು: "ಆಕಿ ಲಕ್ಷ ತಗೊಂಡಾಳ, ಸಂಘಕ್ಕ ಕೈ ಹಾಕ್ಯಾಳ." ಎರಡನೇದು ಖರೇನ ಇತ್ತಲ್ಲ. ಮುಂದಿನ ಸಭಾದಾಗ ಎದ್ದು ನಿಂತು ಎಲ್ಲಾ ಹೇಳಿದೆ. ತಪ್ಪಾತು ಅಂದೆ. ನಾಕು ವಾರ ಟೈಮ್ ಕೇಳಿದೆ.

ಯಾರೂ ಮಾತಾಡಲಿಲ್ಲ. ಆಮ್ಯಾಲ ಹಿರ್ಯಾಕಿ ಒಬ್ಬಾಕಿ, "ನಿಮ್ಮತ್ತಿ ಇದ್ದಿದ್ರ ಆ ಡಬ್ಬಿ ಫೋಟೋ ತಗ್ಯಾಕ ಬಿಡತಿರಲಿಲ್ಲ" ಅಂದ್ಲು. ಅದು ಬೈಗಳಕ್ಕಿಂತ ಹೆಚ್ಚು ಹತ್ತಿತು. ಸಭಾ ಮುಗದು ಎಲ್ಲಾರೂ ಎದ್ದ ಮ್ಯಾಲ ಇನ್ನೊಬ್ಬಾಕಿ ನನ್ನ ಸೆರಗು ಹಿಡದು ಹಿಂದಕ ಜಗ್ಗಿದ್ಲು. "ವೈನಿ, ನಾನೂ 1,150 ಹಾಕೇನಿ. ಹಳೇ ಐದು ರೂಪಾಯಿ ನೋಟಿಗೆ. ಮನ್ಯಾಗ ಹೇಳಿಲ್ಲ" ಅಂತ ಅತ್ತಳು. ಆವತ್ತು ನಾವಿಬ್ಬರೂ ಕೂಡೇ ಮನಿಗೆ ನಡದ್ವಿ.

ನಾಕು ವಾರ ಎಮ್ಮಿ ತುಪ್ಪ ಮಾರಿ 2,750 ತುಂಬಿದೆ. ಈಗ ಟ್ರಂಕಿನ ಕೀಲಿ ಇನ್ನೊಬ್ಬಾಕಿ ಕಡೆ, ಪುಸ್ತಕ ನನ್ನ ಕಡೆ. ನಾನ ಹೇಳಿ ಹಂಗ ಮಾಡಿಸೇನಿ. ನಿಮ್ಮ ಸಂಘದಾಗೂ ಹಂಗ ಮಾಡಿಕೊಳ್ರಿ, ನಂಬಿಕಿ ಇದ್ದಲ್ಲೇ ಎರಡು ಕೈ ಇರಬೇಕು. ರೊಕ್ಕ ಕೊಡಾವ್ರು ಯಾರೂ ಮೊದಲ ರೊಕ್ಕ ಕೇಳಾಂಗಿಲ್ಲ. ಕೇಳಿದ್ರ ಫೋನ್ ಇಡ್ರಿ. ಹಾಕಿಬಿಟ್ಟಿದ್ರ ನನ್ನಂಗ ನಾಚಿಕೊಂಡು ಕುಂಡ್ರದ ಅವತ್ತ 1930ಕ್ಕ ಹಚ್ಚರಿ.

ಈ ದೀಪಾವಳಿಗೆ ಡಬ್ಬಿ ತಗದೆ. ಅಂಗಡಿಯವರ ಮಾತು ನೆನಪಿತ್ತು, ತಿಕ್ಕಿದ್ರ ಕಿಮ್ಮತ್ತು ಹೋಗತೈತಿ ಅಂತ. ಮಗಳು ನೋಡಕೋತ ನಿಂತಿದ್ಲು. ಹನ್ನೊಂದಕ್ಕೂ ಹುಣಸಿಹಣ್ಣು ಹಚ್ಚಿ ಅತ್ತಿಯವರು ತಿಕ್ಕಿದಂಗ ತಿಕ್ಕಿದೆ. ಮಾರೂದಂತೂ ಇಲ್ಲ, ಕಿವಿ ಸವದ್ರ ಸವೀಲಿ.