ಹಾರು ಅಂದಾಕಿ ನಾನ

ನಮ್ಮ ಓಣ್ಯಾಗ ಕಬಡ್ಡಿ ನೋಡೋ ಹೆಂಗಸರು ಐದು ಮಂದಿ ಅದೀವಿ. ನಾನು, ನಮ್ಮ ನೆಗೆಣ್ಣಿ, ಎದುರಮನಿ ಅಕ್ಕಾರು, ಅವರ ಸೊಸಿ, ಮತ್ತ ಎಂಬತ್ತು ದಾಟಿದ ನಮ್ಮತ್ತಿ. ಧಾರಾವಾಹಿ ಬಿಟ್ಟು ಕಬಡ್ಡಿ ಹಚ್ಚತೀವಿ ಅಂದ್ರ ಹುಬ್ಬಳ್ಳ್ಯಾಗಿನ ನನ್ನ ತಂಗಿ ನಗತಾಳ. ನಗಲಿ. ನಲವತ್ತು ನಿಮಿಷದ ಆಟ, ಸಾರಿಗೆ ಒಗ್ಗರಣಿ ಹಾಕಿ ಬಂದು ಕುಂತ್ರ ಗಂಡಸರು ಊಟಕ್ಕ ಬರೂದ್ರಾಗ ಮುಗಿತೈತಿ. ಮ್ಯಾಲ ಸಾಲ್ಯಾಗ ನಾವೂ ಆಡಿದ್ದ ಆಟ, ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ನಮಗೆಲ್ಲಾ ಹುಚ್ಚು ಹಿಡಿಸಿದಾಂವ ಪವನ್ ಸೆಹ್ರಾವತ್. 2019ರ ಜನವರಿ 5ಕ್ಕ ಬೆಂಗಳೂರು ಬುಲ್ಸ್ ಫೈನಲ್ ಗೆದ್ದ ರಾತ್ರಿ ನೆನಪಿರಬೇಕು ನಿಮಗ. ಗುಜರಾತಿನವರ ಮ್ಯಾಲ 38-33. ಆ 38ರಾಗ ಪವನ್ ಒಬ್ಬನ 22 ತಂದಿದ್ದ. ಮುಂದ ಇಬ್ಬರು ಕೈ ಕೈ ಹಿಡಕೊಂಡು ಚೈನ್ ಹಾಕಿ ಬಂದ್ರ ಅವರ ತಲಿ ಮ್ಯಾಲಿಂದ ಹಾರಿ ಗೆರಿ ಮುಟ್ಟತಿದ್ದ. ನಮ್ಮತ್ತಿ ಅಂತೂ "ಹನುಮಪ್ಪ ಬಂದ" ಅಂತ ಕೈ ಮುಗಿತಿದ್ರು.

2021ರ ಡಿಸೆಂಬರ್‌ದಾಗ ಮತ್ತ ಆಟ ಸುರು ಆತು. ಕೊರೊನಾ ಸಲುವಾಗಿ ನೋಡೋ ಮಂದಿನ ಇಲ್ಲ, ಎಲ್ಲಾ ಮ್ಯಾಚು ಬೆಂಗಳೂರಾಗ ಒಂದ ಕಡೆ. ಆ ವರ್ಷ ಪವನ್ ಬಗಲಿಗೆ ಒಬ್ಬ ಹೊಸ ಹುಡುಗ ಬಂದ, ಭರತ್ ಹೂಡಾ ಅಂತ. ಹರಿಯಾಣದಾಂವ, ಎತ್ತರ ಆಳು, ಉದ್ದ ಉದ್ದ ಕೈ. ಖರೇ ಹೇಳಬೇಕಂದ್ರ ನಾವು ಅಂವನ್ನ ನೋಡಲೇ ಇಲ್ಲ. ಪವನ್ ರೇಡಿಗೆ ಹೋದ್ರ ಟಿವಿ ಮುಂದ, ಈ ಹುಡುಗ ಹೋದ್ರ ಒಲಿ ಮುಂದ. ಎದುರಮನಿ ಅಕ್ಕಾರು ಅವನ್ನ "ಗಳ" ಅಂತ ಕರೀತಿದ್ರು, ಬಟ್ಟಿ ಹಾಕೋ ಗಳ. ಆ ವರ್ಷ ಪವನ್ 304 ರೇಡ್ ಪಾಯಿಂಟ್ ಮಾಡಿ ಎಲ್ಲಾರಕ್ಕಿಂತ ಮುಂದಿದ್ದ. ಗಳದ ಲೆಕ್ಕ ಯಾರಿಗೆ ಬೇಕಾಗಿತ್ತು?

ಮುಂದ 2022ರ ಹರಾಜಿನ್ಯಾಗ ಪವನ್‌ನ್ನ ತಮಿಳ್ ತಲೈವಾಸ್‌ನವರು 2.26 ಕೋಟಿ ಕೊಟ್ಟು ಒಯ್ದುಬಿಟ್ರು. ನಮ್ಮನ್ಯಾಗ ಸೂತಕ ಆದಂಗಾತು. ಬುಲ್ಸ್‌ನವರು 1.70 ಕೋಟಿ ಕೊಟ್ಟು ವಿಕಾಶ್ ಕಂಡೋಲಾನ್ನ ತಂದಿದ್ರು, ಅಂವನ ಇನ್ನ ದೊಡ್ಡ ರೇಡರ್ ಅಂತ ತಿಳ್ಕೊಂಡ್ವಿ. ಅಕ್ಟೋಬರ್‌ದಾಗ ನೋಡಿದ್ರ ಮತ್ತ ಮತ್ತ ರೇಡಿಗೆ ಹೋಗಾಂವ ನಮ್ಮ ಗಳ!

ಆಗ ಸುರು ಆತು ನೋಡ್ರಿ ನಮ್ಮ ನಾಲಿಗಿ. "ಹಾರೂದ ಇಲ್ಲ ಇಂವ." "ಗೆರಿ ಮ್ಯಾಲ ಅಡ್ಯಾಡಿ ಬರ್ತಾನ, ಪ್ಯಾಟಿಗೆ ಹೋಗಿ ಬಂದಂಗ." "ಮೈಯಾಗ ಕಸುವು ಐತಿ, ಎದ್ಯಾಗ ಇಲ್ಲ." ಕಡೀದು ನನ್ನ ಮಾತು. ಪಿಯುಸಿ ಓದಿ ರೊಟ್ಟಿ ಬಡಿಯೋ ನಾನು, ಕೋಚ್‌ಗೆ ಬುದ್ಧಿ ಹೇಳತಿದ್ದೆ.

ಇಷ್ಟ ಆಗಿದ್ರ ಬರಿಯೂ ಕಾರಣ ಇರಲಿಲ್ಲ. ಆದ್ರ ನಮ್ಮ ಜೋಡಿ ಇನ್ನೊಬ್ಬಾಂವ ಕುಂಡ್ರತಿದ್ದ, ನೆಗೆಣ್ಣಿ ಮಗ. ಆಗ ಪಿಯುಸಿ ಎರಡನೇ ವರ್ಷ. ಅಂವನೂ ಉದ್ದಾಂವ, ಅಂವನೂ ರೇಡರ್, ಊರ ಹುಡುಗರ ತಂಡದಾಗ. ಅಂವನ ಆಟಾನೂ ಗಳದಂಗ. ಕಬಡ್ಡಿ ಕಬಡ್ಡಿ ಅನಕೋತ ನಿಧಾನಕ್ಕ ಬಲಕ್ಕ ಸರಿದು, ಎಡಕ್ಕ ಸರಿದು, ಒಂದ ಕೈ ಚಾಚಿ ಮುಟ್ಟಿ ತಿರುಗಿ ಬಂದುಬಿಡೂದು. ಪಾಯಿಂಟ್ ತರ್ತಿದ್ದ. ಆದ್ರ ಸಿಳ್ಳಿ ಬೀಳ್ತಿರಲಿಲ್ಲ. ನಾನು ಭರತ್‌ನ ಬೈಯೋ ಬಾಯಿಲೆ ಇಂವಗೂ ಅಂತಿದ್ದೆ: "ಒಮ್ಮೆರ ಪವನ್ ಹಂಗ ಹಾರೋ. ನೋಡೋರ ಕಣ್ಣು ತುಂಬಬೇಕು." ಅಂವ ನಕ್ಕು ಸುಮ್ಮನಾಗತಿದ್ದ.

ದೀಪಾವಳಿ ಆದ ಮ್ಯಾಲ ಬಾಜೂ ಊರಾಗ ರಾತ್ರಿ ಪಂದ್ಯ ಇತ್ತು. ನಾವು ಐದೂ ಮಂದಿ ಟ್ರ್ಯಾಕ್ಟರ್‌ದಾಗ ಹೋದ್ವಿ, ಅತ್ತಿಗೆ ಕುರ್ಚಿ ಒಯ್ದಿದ್ವಿ. ಟಿವ್ಯಾಗ ಮ್ಯಾಟ್ ಇರ್ತೈತಿ, ಬಿದ್ರ ಅದು ಹೊರತೈತಿ. ಇಲ್ಲಿ ರೋಲರ್ ಹೊಡೆದು ಗಟ್ಟಿ ಮಾಡಿದ ನೆಲ, ಬರಿಗಾಲು, ಮ್ಯಾಲ ಇಬ್ಬನಿ. ಎರಡು ರೇಡ್ ಖಾಲಿ ಹೋಗಿದ್ವು. ಮೂರನೇದಕ್ಕ ಪಾಯಿಂಟ್ ತರಬೇಕು, ಇಲ್ಲಂದ್ರ ಔಟು. ಹೋದಾಂವ ನಮ್ಮ ಹುಡುಗ. ಎದುರು ಇಬ್ಬರು ಚೈನ್ ಹಾಕಿದ್ರು. ಅಂವ ಒಂದ ಸಲ ನಾವು ಕುಂತ ಕಡೆ ನೋಡಿದ. ನನಗ ಹಂಗ ಅನಿಸ್ತೋ, ಖರೇನ ನೋಡಿದನೋ, ಇವತ್ತಿಗೂ ಕೇಳಿಲ್ಲ. ಹಾರಿದ. ಚೈನ್ ದಾಟಿದ, ಆದ್ರ ಇಳಿಯೂವಾಗ ಕಾಲು ಜಾರಿ ಮೊಣಕಾಲು ತಿರುವಿತು. ಸಿಳ್ಳಿ ಬಿದ್ವು. ಅಂವ ಏಳಲಿಲ್ಲ.

ಲಿಗಮೆಂಟ್ ಹರದೈತಿ ಅಂದ್ರು ಹುಬ್ಬಳ್ಳ್ಯಾಗ. ಆಪರೇಷನ್, ಪಟ್ಟಿ, ಕೋಲು, ಎಲ್ಲಾ ಆತು. ಪರೀಕ್ಷಾ ತಯಾರಿ ಮಾಡೋ ವರ್ಷ ಅಂವ ನಮ್ಮ ಪಡಸಾಲ್ಯಾಗ ದಿಂಬಿನ ಮ್ಯಾಲ ಕಾಲಿಟ್ಟು ಕುಂತ. ಆ ಸೀಸನ್ನಿನ್ಯಾಗ ಪವನ್ ಸುದ್ದಾ ತಲೈವಾಸ್ ಪರ ಮೊದಲ ಮ್ಯಾಚಿನ್ಯಾಗ ಒಬ್ಬಾಂವನ್ನ ಹಿಡಿಯಾಕ ಹೋಗಿ ಮೊಣಕಾಲು ಕೆಡಿಸ್ಕೊಂಡು ಪೂರ್ತಿ ಹೊರಗುಳಿದಿದ್ದ. ಅದನ್ನ ನೋಡಿದ ಮ್ಯಾಲೂ ಇವಂಗ ಹಾರು ಅಂದಿದ್ದೆ ನಾನು.

ನೆಗೆಣ್ಣಿ ನನಗ ಒಂದು ಮಾತೂ ಅನ್ನಲಿಲ್ಲ. ಅಂದಿದ್ರ ಚೊಲೊ ಇತ್ತು.

ನಾನು ಟಿವಿ ಬಂದ್ ಮಾಡೂಣು ಅಂದೆ. ಹುಡುಗ ಒಲ್ಲೆ ಅಂದ. "ದೊಡ್ಡವ್ವ, ಕುಂದ್ರ. ಭರತ್‌ನ ಕೈ ನೋಡಬ್ಯಾಡ, ಕಾಲು ನೋಡು" ಅಂದ. ಅವರಿಕಾಯಿ ಸುಲಕೋತ ಕುಂತೆ. ಅಲ್ಲಿತನಕ ನಾನು ಕಬಡ್ಡಿ ನೋಡಿರಲಿಲ್ಲ ಅಂತ ಆವಾಗ ತಿಳೀತು.

ಅಂವ ಹೇಳಿಕೊಟ್ಟಿದ್ದು ಹಿಂಗ. ಹಾರಾಂವ ಸಿಕ್ಕಿಬಿದ್ದ ಮ್ಯಾಲ ಹಾರತಾನ. ಇಂವ ಸಿಗೂದಕ್ಕಿಂತ ಮದಲ ತಿರುಗಿರ್ತಾನ. ಮೂಲ್ಯಾಗ ನಿಂತ ಕಾರ್ನರ್‌ದಾಂವ ಕಾಲಿಗೆ ಬೀಳಬೇಕಂದ್ರ ಮೈ ಭಾರ ಒಂದ ಕಡೆ ಹಾಕಬೇಕು. ಭರತ್ ಅದಕ್ಕ ಕಾಯ್ತಾನ. ಭಾರ ಸರಿದ ಕೂಡಲೆ ತಾನು ಮನಿ ಕಡೆ ಮುಖ ಮಾಡಿ, ಓಡಕೋತ, ಹಿಂದಿನ ಕೈಲೆ ಮುಟ್ಟತಾನ. ಕೈ ಉದ್ದ ಇದ್ದಿದ್ದಕ್ಕ ಆಗೂ ಕೆಲಸ ಅದು. ಮತ್ತ ಎದುರು ಆರು ಮಂದಿ ಇರೂತನಕ ಬೋನಸ್ ಗೆರಿ ಕಡೆ ಕಾಲು ಚಾಚತಾನ. ಅದನ್ನ ತಡಿಯಾಕ ಕಾರ್ನರ್‌ದಾಂವ ಮುಂದ ಬಂದ್ರ ಅಂವನ್ನ ಮುಟ್ಟತಾನ, ಬರದಿದ್ರ ಬೋನಸ್. ಮೂವತ್ತು ಸೆಕೆಂಡಿನ್ಯಾಗ ಪ್ಯಾಟಿಗೆ ಹೋಗಿ ಬಂದಂಗ ಕಾಣೂದ ಅಂವನ ಕಸಬು.

ನನಗ ನಮ್ಮತ್ತಿ ನೆನಪಾದ್ರು. ನಾನು ಲಗ್ನ ಆಗಿ ಬಂದಾಗ ನನ್ನ ರೊಟ್ಟಿ ಬಡಿಯೋ ಸಪ್ಪಳನ ಕೇಳ್ತಿರಲಿಲ್ಲ. ದೊಡ್ಡ ಸೊಸಿ ಬಡಿದ್ರ ಓಣಿಗೆಲ್ಲಾ ಕೇಳತಿತ್ತು. ಇಕಿ ಕೈಯಾಗ ಬಲ ಇಲ್ಲ ಅಂತ ಅತ್ತಿ ಎಷ್ಟು ಮಂದಿ ಮುಂದ ಅಂದಿದ್ರೋ. ರೊಟ್ಟಿ ಮಾತ್ರ ಇಬ್ಬರವೂ ಉಬ್ಬತಿದ್ವು. ಇದನ್ನ ಅವರ ಮುಂದ ಅಂದ್ರ "ನಾ ಯಾವಾಗ ಅಂದಿದ್ದೆ?" ಅಂತಾರ ಈಗ.

ಆ ಸೀಸನ್ ಭರತ್ 279 ರೇಡ್ ಪಾಯಿಂಟ್ ಮಾಡಿದ. ಅಂವನಕಿಂತ ಮುಂದ ಜೈಪುರದ ಅರ್ಜುನ್ ದೇಶ್ವಾಲ್ ಒಬ್ಬನ, 296. ಎಲಿಮಿನೇಟರ್‌ದಾಗ ಬುಲ್ಸ್ ದಿಲ್ಲಿಯವರನ್ನ 56-24ಕ್ಕ ಒದ್ದರು. ಸೆಮಿಫೈನಲ್‌ದಾಗ ಜೈಪುರದ ಮುಂದ 49-29ಕ್ಕ ಬಿದ್ರು. ಬಿದ್ದ ರಾತ್ರಿ ಎದುರಮನಿ ಅಕ್ಕಾರು "ಪವನ್ ಇದ್ದಿದ್ರ" ಅಂತ ಮತ್ತ ಸುರು ಮಾಡಿದ್ರು. ಹುಡುಗ ಕೋಲು ಊರಿ ಎದ್ದು ಹೊರಗ ಹೋದ. ಅಕ್ಕಾರಿಗೆ ತಿಳೀತು, ಸೆರಗು ಬಾಯಿಗೆ ಹಿಡಕೊಂಡ್ರು.

ಮುಂದಿನ ಸೀಸನ್ ಭರತ್‌ನ ಪಾಯಿಂಟ್ ಬಾಳ ಕಡಿಮಿ ಆದ್ವು, ಬುಲ್ಸ್ ಎಂಟನೇ ನಂಬರಿಗೆ ಇಳಿದ್ರು. "ನಾವು ಅಂದಿರಲಿಲ್ಲೇನು?" ಅಂತ ಎಲ್ಲಾರೂ. ನಾನು ಒಪ್ಪಲಿಲ್ಲ. ಒಂದು ವರ್ಷ ಪೂರ್ತಿ ನೋಡಿದ ಮ್ಯಾಲ ಎದುರಿನವರು ಅಂವಗ ಭಾರ ತೋರಿಸೂದ ಬಿಟ್ರು, ಮುಂದ ಬರೂದ ಬಿಟ್ರು. ಅಂವನ ಹತ್ತಿರ ಎರಡನೇ ಯುಕ್ತಿ ಇನ್ನೂ ಪಕ್ವ ಆಗಿರಲಿಲ್ಲ. ಇದು ನನ್ನ ಲೆಕ್ಕ, ತಪ್ಪಿದ್ರೂ ತಪ್ಪಿರಬಹುದು. ಎರಡು ಮೂರು ವರ್ಷ ಆಡಿದ ಹುಡುಗನ್ನ ಕಾಯಿ ಇದ್ದಾಗನ ಹಿಚುಕಿ ಹಣ್ಣಲ್ಲ ಅಂದ್ರ ಹೆಂಗ? 2024ರಾಗ ಅಂವ ಯು.ಪಿ. ಯೋಧಾಸ್‌ಗೆ ಹೋದ. ಆ ಸೀಸನ್ ನಾನು ಅವರ ಮ್ಯಾಚನ್ನೂ ನೋಡಿದೆ, ಅಕ್ಕಾರು ಪಕ್ಷಾಂತರಿ ಅಂದ್ರು.

ನಮ್ಮ ಹುಡುಗ ಒಂದೂವರಿ ವರ್ಷ ಬಿಟ್ಟು ಮತ್ತ ಅಂಕಣಕ್ಕ ಇಳಿದ. ಮೊಣಕಾಲಿಗೆ ಪಟ್ಟಿ ಕಟಗೊಂಡ ಆಡ್ತಾನ. ಮೊನ್ನೆ ಊರಾಗಿನ ಪಂದ್ಯ ಮುಗಿಸಿ ಬಂದು ಕೇಳಿದ, "ಹೆಂಗಿತ್ತು ದೊಡ್ಡವ್ವ?"

"ಎಡಗಾಲು ಬ್ಯಾಗನ ತಿರಗಸ್ತಿ. ಕಾರ್ನರ್‌ದಾಂವಗ ಮದಲ ತಿಳಿತೈತಿ" ಅಂದೆ.

ನಿಂತು ವಿಚಾರ ಮಾಡಿದ. "ಹೌದು ಅನಸ್ತೈತಿ" ಅಂದ. ಅಷ್ಟ ಮಾತು.

ನೆಗೆಣ್ಣಿ ಮಗನ ಪಂದ್ಯಕ್ಕ ಆಮ್ಯಾಲೆ ಒಮ್ಮೆನೂ ಬಂದಿಲ್ಲ. ಟಿವಿ ಮುಂದ ಮಾತ್ರ ನಮ್ಮ ಜೋಡಿ ಕುಂಡ್ರತಾಳ. ಅಲ್ಲಿ ಯಾರರ ಹಾರಿದ್ರ, ಅದನ್ನ ಮತ್ತೊಮ್ಮೆ ತೋರಸೂದ್ರಾಗ ಅಕಿ ಎದ್ದು ಹಾಲು ಉಕ್ಕೇತೇನೋ ನೋಡಾಕ ಒಳಗ ಹೋಗಿರ್ತಾಳ.